ಚೀಸ್‌ಗೆ ಸುತ್ತಿಗೆ ಪೆಟ್ಟು, ವೈನ್‌ಗೆ ಹಳ್ಳಿ ಹೆಸರು: ಇಟಲಿಯವರ 'ಸಂಪ್ರದಾಯ'ದ ರೂಲ್ಸ್ ಬರೆಯೋರು ಯಾರು?

2025ರ ಡಿಸೆಂಬರ್ 10ಕ್ಕೆ ದಿಲ್ಲಿ ಕೆಂಪುಕೋಟೇಲಿ ಯುನೆಸ್ಕೋ ಸಮಿತಿ ಸಭೆ ನಡೀತಿತ್ತು, ನಮ್ಮ ದೀಪಾವಳಿ ಪಟ್ಟಿಗೆ ಸೇರ್ತು ಅಂತ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಫಾರ್ವರ್ಡ್ ಬಂತಲ್ಲ, ಅದೇ ದಿನ ಅದೇ ಸಭೇಲಿ ಇನ್ನೊಂದು ಹೆಸರೂ ಪಾಸಾಯ್ತು. ಇಟಲಿ ಅಡುಗೆ. ನೇಪಲ್ಸ್‌ನ ಪಿಜ್ಜಾ ಮಾಡೋರ ಕೈಚಳಕಕ್ಕೆ 2017ರಲ್ಲೇ ಸಿಕ್ಕಿತ್ತು, ಕಾಡಲ್ಲಿ ನಾಯಿ ಕರ್ಕೊಂಡು ಟ್ರಫಲ್ (ನೆಲದಡಿ ಬೆಳೆಯೋ ದುಬಾರಿ ಅಣಬೆ) ಹುಡುಕೋ ವಿದ್ಯೆಗೆ 2021ರಲ್ಲಿ ಸಿಕ್ಕಿತ್ತು, ಈ ಸಲ ಬಿಡಿಬಿಡಿಯಾಗಿ ಬೇಡ ಅಂತ ಇಡೀ ದೇಶದ ಅಡುಗೇನೇ ಒಂದೇ ಗಂಟಲ್ಲಿ ಕಟ್ಟಿ ಕೊಟ್ರು. ಮೆಲೋನಿ ಸರ್ಕಾರಕ್ಕಂತೂ ವರ್ಲ್ಡ್ ಕಪ್ ಗೆದ್ದಷ್ಟು ಖುಷಿ.

ತಮಾಷೆ ಏನಂದ್ರೆ 'ಇಟಾಲಿಯನ್ ಅಡುಗೆ' ಅನ್ನೋ ಮಾತನ್ನ ಇಟಲಿಯವರೇ ಅಷ್ಟಾಗಿ ಒಪ್ಪಲ್ಲ. ಬೊಲೋನಿಯಾದಲ್ಲಿ ಅಡುಗೆಗೆ ಬೆಣ್ಣೆ, ಜೊತೆಗೆ ಮೊಟ್ಟೆ ಹಾಕಿ ನಾದಿದ ಹಸಿ ಪಾಸ್ತಾ, ನೇಪಲ್ಸ್‌ನಲ್ಲಿ ಆಲಿವ್ ಎಣ್ಣೆ, ಒಣ ಪಾಸ್ತಾ, ಟೊಮ್ಯಾಟೊ. ವೆನಿಸ್ ಕಡೆ ಹೋದ್ರೆ ಅಕ್ಕಿ ಅಡುಗೆ, ಜೊತೆಗೆ ಮುಸುಕಿನ ಜೋಳದ ಹಿಟ್ಟು ತಿರುವಿ ಮಾಡೋ ಪೊಲೆಂಟಾ (ನಮ್ಮ ಮುದ್ದೆಗೆ ದೂರದ ನೆಂಟ ಅನ್ಕೊಳಿ), ಸಿಸಿಲಿಯ ತ್ರಾಪಾನಿ ಕಡೆ ಮೀನಿನ ಸಾರು ಹಾಕಿದ ಕುಸ್ಕುಸ್ (ಗೋಧಿ ರವೆಯದ್ದು). ಒಂದೂರಿನ ಅಜ್ಜಿ ಪಕ್ಕದೂರಿನ ಅಡುಗೇನ ಅಡುಗೆ ಅಂತಾನೇ ಲೆಕ್ಕಕ್ಕೆ ತಗೊಳಲ್ಲ. ಇಂಥವರನ್ನೆಲ್ಲಾ ಒಂದೇ ಹೆಸರಡಿ ಕೂರಿಸಿದ್ದು ದೊಡ್ಡ ಸಾಧನೆ ಅಂತ ಒಬ್ರು ಅಂದ್ರೆ, ಇದು ಟೂರಿಸಂ ಜಾಹೀರಾತು ಅಂತ ಇನ್ನೊಬ್ರು ಅಂತಿದಾರೆ.

ಇಲ್ಲಿ ಒಂದು ವಿಷಯ ಜನ ಕಲಸಿಬಿಡ್ತಾರೆ. ಯುನೆಸ್ಕೋ ಪಟ್ಟಿ ಅಂದ್ರೆ ಬರೀ ಮರ್ಯಾದೆ, ಶಾಲು ಹೊದಿಸಿ ಹಾರ ಹಾಕಿದಂಗೆ. ಕಾರ್ಬೊನಾರಾ ಅಂದ್ರೆ ಮೊಟ್ಟೆ, ಚೀಸ್, ಹಂದಿಮಾಂಸ ಹಾಕಿದ ಪಾಸ್ತಾ, ಅದಕ್ಕೆ ಕ್ರೀಮ್ ಹಾಕೋದು ಇಟಲಿಯವರ ಪ್ರಕಾರ ಪಾಪ, ಆದ್ರೆ ನೀವು ಮನೇಲಿ ಕೂತು ಅರ್ಧ ಲೀಟರ್ ಸುರಿದ್ರೂ ಯಾರೂ ಕೇಸ್ ಹಾಕಕ್ಕಾಗಲ್ಲ. ಕೇಸ್ ಹಾಕೋ ತಾಕತ್ತಿರೋದು ಬೇರೆ ಕಾಗದಕ್ಕೆ, ಡಿಓಪಿ, ಐಜಿಪಿ ಅಂತ ಯುರೋಪಿಯನ್ ಯೂನಿಯನ್ ಕೊಡೋ ಠಸ್ಸೆಗೆ, ನಮ್ಮ ಜಿಐ ಟ್ಯಾಗ್ ಥರದ್ದು. ಪ್ರತಿ ಡಿಓಪಿ ಹಿಂದೆ ಒಂದು ರೂಲ್ ಬುಕ್ ಇರತ್ತೆ, 'ದಿಶಿಪ್ಲಿನಾರೆ' ಅಂತಾರೆ, ಯಾವ ಜಿಲ್ಲೆ, ಯಾವ ಹಸು, ಏನು ಮೇವು, ಎಷ್ಟು ತಿಂಗಳು ಇಡ್ಬೇಕು ಎಲ್ಲಾ ಅದ್ರಲ್ಲಿ. ಅದನ್ನ ಬರೆಯೋದು ಸರ್ಕಾರ ಅಲ್ಲ, ಆ ಪದಾರ್ಥ ಮಾಡೋ ಉತ್ಪಾದಕರ ಒಕ್ಕೂಟ. ಊಟ, ವೈನ್ ಎರಡೂ ಸೇರಿ ಇಟಲಿಲಿ ಇಂಥ ಹೆಸರು 800ಕ್ಕೂ ಜಾಸ್ತಿ ಇದೆ, ಯುರೋಪಲ್ಲೇ ಅತಿ ಹೆಚ್ಚು, ವರ್ಷಕ್ಕೆ ಹತ್ತಿರ ಹತ್ತಿರ 2,000 ಕೋಟಿ ಯೂರೋ ವ್ಯವಹಾರ. ಆದ್ರೆ ಆ ದುಡ್ಡಿನ ಬಹುಪಾಲು ಹೋಗೋದು ಪಾರ್ಮಿಜಾನೊ (ಪಾರ್ಮೆಸಾನ್ ಚೀಸಿನ ಅಸಲಿ ಇಟಲಿ ಹೆಸರು), ಗ್ರಾನಾ ಪದಾನೊ ಚೀಸು, ಪಾರ್ಮಾ ಹ್ಯಾಮ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ), ಪ್ರೊಸೆಕ್ಕೊ ಅನ್ನೋ ನೊರೆ ವೈನು, ಇಂಥ ಬೆರಳೆಣಿಕೆ ಹೆಸರುಗಳಿಗೆ. ಹಾಗಾಗಿ ಜಗಳ ಏನೇ ಇದ್ರೂ ಅದು ಈ ಪುಸ್ತಕದೊಳಗೆ ಯಾವ ಸಾಲು ಇರ್ಬೇಕು, ಯಾವುದು ಇರ್ಬಾರ್ದು ಅನ್ನೋದರ ಮೇಲೇನೇ.

ಈಗ ಗ್ರಾಂದಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಚರ್ಚೆಗೆ ಬೆಂಕಿ ಹಚ್ಚಿದ್ದೇ ಅವರು. ಆಲ್ಬರ್ಟೊ ಗ್ರಾಂದಿ ಪಾರ್ಮಾ ಯೂನಿವರ್ಸಿಟೀಲಿ ಆಹಾರದ ಇತಿಹಾಸ ಪಾಠ ಮಾಡೋ ಮೇಷ್ಟ್ರು. 2023ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಗೆ ಸಂದರ್ಶನ ಕೊಟ್ಟು, ನಮ್ಮ ಸಂಪ್ರದಾಯದ ಅಡುಗೆ ಅಂತ ಎದೆ ತಟ್ಕೊಳೋದ್ರಲ್ಲಿ ಎಷ್ಟೋ ಎರಡನೇ ಮಹಾಯುದ್ಧ ಆದ್ಮೇಲೆ ಹುಟ್ಟಿದ್ದು ಅಂದ್ಬಿಟ್ರು. ರೈತ ಸಂಘಟನೆ ಕೋಲ್ಡಿರೆಟ್ಟಿ ಕೆಂಡಾಮಂಡಲ. ಆದ್ರೆ ಗ್ರಾಂದಿ ಮಾತಿಗೆ ಪುಷ್ಟಿ ಕೊಡೋ ಉದಾಹರಣೆಗಳನ್ನ ನೋಡಿದ್ರೆ ತಳ್ಳಿಹಾಕೋದು ಕಷ್ಟ. ಕಾರ್ಬೊನಾರಾ ತಗೊಳಿ, ಅದರ ರೆಸಿಪಿ ಮೊದಲು ಅಚ್ಚಾಗಿದ್ದು ರೋಮ್‌ನಲ್ಲಲ್ಲ, 1952ರಲ್ಲಿ ಶಿಕಾಗೋದ ಹೋಟೆಲ್‌ಗಳ ಬಗ್ಗೆ ಬಂದ ಒಂದು ಗೈಡಲ್ಲಿ. ಇಟಲಿಯ ಒಂದು ಮ್ಯಾಗಜೀನ್‌ನಲ್ಲಿ 1954ಕ್ಕೆ ಬಂದಾಗ ಅದ್ರಲ್ಲಿ ಬೆಳ್ಳುಳ್ಳಿ ಇತ್ತು, ಸ್ವಿಸ್ ಗ್ರುಯೇರ್ ಚೀಸ್ ಇತ್ತು. ಈಗ ಯಾರಾದ್ರೂ ಹಾಗೆ ಮಾಡಿ ವಿಡಿಯೋ ಹಾಕಿದ್ರೆ ಕಾಮೆಂಟ್‌ನಲ್ಲಿ ಇಟಲಿಯವರು ಅಟ್ಟಾಡಿಸ್ತಾರೆ. ತಿರಮಿಸು ಅನ್ನೋ ಸಿಹಿ ತಿನಿಸು ಟ್ರೆವಿಸೊ ಕಡೆ ಹೋಟೆಲುಗಳಲ್ಲಿ ಹೆಸರು ಮಾಡಿದ್ದು 1970ರ ಆಸುಪಾಸು. ಕೆಫೆಗಳಲ್ಲಿ ಸ್ಯಾಂಡ್‌ವಿಚ್‌ಗೆ ಹಾಕ್ತಾರಲ್ಲ ಚಿಯಾಬಾಟಾ ಬ್ರೆಡ್ಡು, ಅದು 1982ರಲ್ಲಿ ಆದ್ರಿಯಾ ಅನ್ನೋ ಊರಲ್ಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದ ಆರ್ನಾಲ್ಡೊ ಕಾವಲ್ಲಾರಿ ಫ್ರೆಂಚ್ ಬಗೆತ್‌ಗೆ ಪೈಪೋಟಿ ಕೊಡೋಕೆ ಮಾಡಿದ್ದು. ಅಂದ್ರೆ ಕಾಂಪ್ಯಾಕ್ಟ್ ಡಿಸ್ಕ್ ವಯಸ್ಸು ಅದಕ್ಕೆ.

ಬೊಲೋನಿಯಾದವರು ಇನ್ನೊಂದು ಹೆಜ್ಜೆ ಮುಂದೆ. 1972ರಲ್ಲಿ ಅಲ್ಲಿನ ಚೇಂಬರ್ ಆಫ್ ಕಾಮರ್ಸ್‌ಗೆ ಹೋಗಿ ಚಿನ್ನದಲ್ಲಿ ಮಾಡಿದ ಒಂದು ತಾಲಿಯಾತೆಲ್ಲೆ (ರಿಬ್ಬನ್ ಥರದ ಪಾಸ್ತಾ) ಪಟ್ಟೀನ ಜಮಾ ಮಾಡಿ ಬಂದ್ರು, ಬೆಂದ ಮೇಲೆ ಅಗಲ 8 ಮಿಲಿಮೀಟರ್ ಇರ್ಬೇಕಂತೆ, ಅದು ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ ಅಂತೆ! 1982ಕ್ಕೆ ಪಾಸ್ತಾಗೆ ಹಾಕೋ ಮಾಂಸದ ಸಾಸ್ 'ರಾಗು' ರೆಸಿಪೀನೂ ಅಲ್ಲೇ ರಿಜಿಸ್ಟರ್ ಮಾಡ್ಸಿದ್ರು. 2023ರಲ್ಲಿ ಅದನ್ನೇ ತಿದ್ದಿ ಹೊಸ ವರ್ಷನ್ ಕೊಟ್ರು. ಸಂಪ್ರದಾಯಕ್ಕೂ ಅಪ್‌ಡೇಟ್ ಬರತ್ತೆ ನೋಡಿ.

ಹಾಗಾದ್ರೆ ಅದಕ್ಕೂ ಹಿಂದೆ ಜನ ಏನ್ ತಿಂತಿದ್ರು? ಇಟಾಲಿಯನ್ ಅಂದ್ರೆ ದೊಡ್ಡ ಟೇಬಲ್ಲು, ಹತ್ತು ಥರ ಪ್ಲೇಟು, ನಗ್ತಾ ಕೂತಿರೋ ಅಜ್ಜಿ ಅಂತ ಜಾಹೀರಾತಲ್ಲಿ ನೋಡಿರ್ತೀವಿ. 19ನೇ ಶತಮಾನದ ಕೊನೇಲಿ ಉತ್ತರದ ವೆನೆಟೊ, ಲೊಂಬಾರ್ದಿ ಕಡೆ ಕೂಲಿಯವರ ಮನೇಲಿ ಮೂರು ಹೊತ್ತೂ ಪೊಲೆಂಟಾ, ಅದರ ಜೊತೆಗೆ ಏನೂ ಇಲ್ಲ. ಬರೀ ಮುಸುಕಿನ ಜೋಳ ತಿಂದ್ರೆ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಸಿಗಲ್ಲ. ಜೋಳಾನ ಮೊದಲು ಬೆಳೆದ ಮೆಕ್ಸಿಕೋದವರು ಸುಣ್ಣದ ನೀರಲ್ಲಿ ಬೇಯಿಸ್ತಿದ್ರು, ಹಾಗೆ ಮಾಡಿದ್ರೆ ಅದು ಸಿಗತ್ತೆ, ಯುರೋಪಿನವರು ಬೀಜ ತಂದ್ರು ಸುಣ್ಣದ ವಿದ್ಯೆ ತರ್ಲಿಲ್ಲ. ಅದರಿಂದ ಬಂದಿದ್ದು ಪೆಲ್ಲಾಗ್ರಾ, ಚರ್ಮ ಸುಲಿಯೋದು, ಭೇದಿ, ಕೊನೆಗೆ ಬುದ್ಧಿ ಭ್ರಮಣೆ. 1880ರ ದಶಕದ ಶುರುವಲ್ಲಿ ಇಟಲೀಲಿ ಲಕ್ಷದ ಹತ್ರ ಜನಕ್ಕೆ ಆ ರೋಗ ಇತ್ತು. ಈಗ ಅದೇ ಪೊಲೆಂಟಾ ವೆನಿಸ್ ರೆಸ್ಟೋರೆಂಟಲ್ಲಿ 'ಅಜ್ಜಿ ಕಾಲದ ರುಚಿ' ಆಗಿ ಪ್ಲೇಟಿಗೆ ಬರತ್ತೆ. ಬರ್ಲಿ, ಚೆನ್ನಾಗೇ ಇರತ್ತೆ, ಆದ್ರೆ ಆ ಅಜ್ಜೀನ ಕೇಳಿದ್ರೆ ಬೇರೆ ಕಥೆ ಹೇಳ್ತಿದ್ಲು.

ಇಷ್ಟೆಲ್ಲಾ ಓದಿದ್ಮೇಲೆ 'ಓ, ಎಲ್ಲಾ ಬುರುಡೆ' ಅಂತ ಕೈ ಒದರೋದು ಸುಲಭ, ಇಂಟರ್ನೆಟ್ಟಲ್ಲಿ ಅರ್ಧ ಜನ ಅದನ್ನೇ ಮಾಡ್ತಿದಾರೆ. ನಂಗೆ ಅದು ಸೋಮಾರಿತನ ಅನ್ಸತ್ತೆ. ರೂಲು ಎಷ್ಟು ಹಳೇದು ಅನ್ನೋದಕ್ಕಿಂತ, ಅದನ್ನ ಮುರಿದ್ರೆ ಏನ್ ಕೆಡತ್ತೆ ಅಂತ ಕೇಳ್ಬೇಕು. ಕೆಲವು ರೂಲು ಮುರಿದ್ರೆ ನಿಜವಾಗ್ಲೂ ಪದಾರ್ಥ ಹಾಳಾಗತ್ತೆ, ಕೆಲವು ಮುರಿದ್ರೆ ಯಾರದೋ ಜೇಬು ಮಾತ್ರ ಹಾಳಾಗತ್ತೆ.

ಮೊದಲನೇದಕ್ಕೆ ಪಾರ್ಮಿಜಾನೊ ರೆಜ್ಜಾನೊಗಿಂತ ಒಳ್ಳೇ ಉದಾಹರಣೆ ಇಲ್ಲ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಪೂರ್ತಿ, ಜೊತೆಗೆ ರೆನೊ ನದಿಯ ಪಶ್ಚಿಮಕ್ಕಿರೋ ಬೊಲೋನಿಯಾ, ಪೊ ನದಿಯ ದಕ್ಷಿಣಕ್ಕಿರೋ ಮಾಂತೊವಾ, ಇಷ್ಟೇ ಜಾಗದಲ್ಲಿ ಮಾಡ್ಬೇಕು. ಸಾಯಂಕಾಲ ಕರೆದ ಹಾಲನ್ನ ಅಗಲ ಟ್ರೇಲಿ ರಾತ್ರಿಯಿಡೀ ಬಿಡ್ತಾರೆ, ಕೆನೆ ತಾನಾಗೇ ಮೇಲೆ ಬರತ್ತೆ, ಅದನ್ನ ತೆಗೆದು ಬೆಳಗಿನ ಹಾಲಿನ ಜೊತೆ ತಾಮ್ರದ ಹಂಡೆಗೆ ಸುರೀತಾರೆ. ನಾವು ನಿನ್ನೆ ಮೊಸರು ಒಂದು ಚಮಚ ಎತ್ತಿಟ್ಟು ಇವತ್ತಿನ ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಾಗೇ ಅವರೂ ನಿನ್ನೆ ಚೀಸ್ ಮಾಡಿ ಉಳಿದ ಹಾಲೊಡಕಿನ ನೀರನ್ನ ಹುಳಿ ಬರಿಸಿ ಇವತ್ತಿನದಕ್ಕೆ ಹಾಕ್ತಾರೆ. ಆಮೇಲೆ ಹಾಲು ಒಡೆಯೋಕೆ ಕರುವಿನ ರೆನ್ನೆಟ್ಟು, ಒಡೆದ ಮೇಲೆ ಕಡೆದು ಅಕ್ಕಿಕಾಳಿನಷ್ಟು ಪುಡಿ ಮಾಡಿ, 55 ಡಿಗ್ರಿವರೆಗೆ ಕಾಯಿಸಿ, ಬಟ್ಟೇಲಿ ಎತ್ತಿದ್ರೆ ಒಂದು ಹಂಡೆಗೆ ಎರಡು ಚೀಸ್ ಚಕ್ರ. ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು, ತೂಕ 40 ಕೆಜಿ ಆಸುಪಾಸು. ಮೂರು ವಾರದ ಹತ್ರ ಉಪ್ಪುನೀರಲ್ಲಿ ಮುಳುಗಿಸಿ, ಆಮೇಲೆ ಕಡಿಮೆ ಅಂದ್ರೂ 12 ತಿಂಗಳು ಮರದ ಹಲಗೆ ಮೇಲೆ.

ರೂಲ್ ಬುಕ್ಕಲ್ಲಿ ಒಂದು ಸಾಲಿದೆ, ಹಸುಗೆ ರಸಮೇವು ಹಾಕಂಗಿಲ್ಲ. ನಮ್ಮಲ್ಲಿ ಡೈರಿ ಮಾಡೋರಿಗೆ ಗೊತ್ತು, ಹಸಿ ಜೋಳದ ದಂಟು ಕತ್ತರಿಸಿ ಗುಂಡೀಲಿ ತುಳಿದು ಮುಚ್ಚಿ ಹುಳಿ ಬರಿಸೋ ಸೈಲೇಜು, ಬೇಸಿಗೆಗೆ ಅದೇ ಗತಿ. ಅದನ್ನ ಯಾಕೆ ಬೇಡ ಅಂದ್ರು? ರಸಮೇವಲ್ಲಿ ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಜಾಸ್ತಿ ಇರತ್ವೆ, ಹಾಲು ಕಾಯಿಸಿದ್ರೂ ಸಾಯಲ್ಲ, ಚೀಸ್ ಒಳಗೆ ಸೇರ್ಕೊಂಡು ತಿಂಗಳುಗಟ್ಲೆ ಸುಮ್ನಿದ್ದು ಆಮೇಲೆ ಗ್ಯಾಸ್ ಬಿಡ್ತಾವೆ, ಚಕ್ರ ಒಳಗಿಂದ ಉಬ್ಬಿ ಸೀಳಿ ಹೋಗತ್ತೆ. ಪಕ್ಕದ ಗ್ರಾನಾ ಪದಾನೊದವರು ರಸಮೇವು ಹಾಕ್ತಾರೆ, ಅದಕ್ಕೇ ಅವರು ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಅನ್ನೋ ಪದಾರ್ಥ ಸೇರಿಸ್ತಾರೆ. ಪಾರ್ಮಿಜಾನೊದಲ್ಲಿ ಹಾಲು, ಉಪ್ಪು, ರೆನ್ನೆಟ್ ಬಿಟ್ರೆ ಬೇರೇನೂ ಸೇರಿಸಂಗಿಲ್ಲ, ಹಾಗಾಗಿ ಒಣಹುಲ್ಲನ್ನೇ ನೆಚ್ಕೋಬೇಕು, ಖರ್ಚು ಜಾಸ್ತಿ ಆಗತ್ತೆ. ಒಂದು ಸಾಲು ಇನ್ನೊಂದನ್ನ ಹಿಡ್ಕೊಂಡು ನಿಂತಿದೆ, ಒಂದನ್ನ ತೆಗೆದ್ರೆ ಎಲ್ಲಾ ಅಲ್ಲಾಡತ್ತೆ. ಅಂದ್ಹಾಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾಡೋ ಪಾರ್ಮೆಸಾನ್ ಹಳೇ ಕಾಲದ ಪಾರ್ಮಿಜಾನೊಗೆ ಹೆಚ್ಚು ಹತ್ರ ಅಂತ ಗ್ರಾಂದಿ ಹೇಳಿದ್ದಾರೆ, ಇದ್ರೂ ಇರಬಹುದು, ನೂರು ವರ್ಷದಲ್ಲಿ ಇವರು ಅದನ್ನ ಇನ್ನೂ ಚೆನ್ನಾಗಿ ಮಾಡೋದು ಕಲಿತಿದ್ರೆ ಅದ್ರಲ್ಲಿ ನಾಚಿಕೆ ಪಡೋದು ಏನಿದೆ?

12 ತಿಂಗಳಾದ್ಮೇಲೆ ಪರೀಕ್ಷೆ. ಒಬ್ಬ ತಜ್ಞ ಸಣ್ಣ ಸುತ್ತಿಗೆ ತಗೊಂಡು ಚಕ್ರದ ಸುತ್ತ ಟಕ್ ಟಕ್ ಅಂತ ಬಡೀತಾ ಕಿವಿ ಕೊಟ್ಟು ಕೇಳ್ತಾನೆ, ನಾವು ತೆಂಗಿನಕಾಯಿ, ಕಲ್ಲಂಗಡಿ ತಟ್ಟಿ ನೋಡ್ತೀವಲ್ಲ ಹಾಗೆ. ಒಳಗೆ ಪೊಳ್ಳಿದ್ರೆ, ಬಿರುಕಿದ್ರೆ ಸದ್ದು ಬೇರೆ. ಪಾಸಾದ್ರೆ ಬಿಸಿ ಕಬ್ಬಿಣದ ಮುದ್ರೆ. ಫೇಲಾದ್ರೆ ಸಿಪ್ಪೆ ಮೇಲೆ ಸುತ್ತಲೂ ಚುಕ್ಕೀಲಿ ಬರೆದಿರೋ 'ಪಾರ್ಮಿಜಾನೊ ರೆಜ್ಜಾನೊ' ಅನ್ನೋ ಹೆಸರನ್ನ ಮೆಷಿನ್‌ನಲ್ಲಿ ಉಜ್ಜಿ ಅಳಿಸಿಬಿಡ್ತಾರೆ. ಅದೇ ಹಾಲು, ಅದೇ ಹಂಡೆ, ಅದೇ ಕೈ, ಆದ್ರೆ ಇನ್ಮೇಲೆ ಅದು ಹೆಸರಿಲ್ಲದ ಚೀಸು, ರೇಟು ಬಿತ್ತು.

ಆ ಹೆಸರಿಗೆ ಎಷ್ಟು ಬೆಲೆ ಅಂದ್ರೆ ಎಮಿಲಿಯಾದ ಕ್ರೆಡೆಮ್ ಬ್ಯಾಂಕು 1953ರಿಂದ ಚೀಸ್ ಚಕ್ರಗಳನ್ನ ಅಡ ಇಟ್ಕೊಂಡು ಸಾಲ ಕೊಡ್ತಿದೆ, ನಮ್ಮಲ್ಲಿ ಚಿನ್ನದ ಸಾಲ ಇದ್ದಂಗೆ. ಹಾಲಿನ ದುಡ್ಡು ಇವತ್ತೇ ಕೊಡ್ಬೇಕು, ಚೀಸ್ ಮಾರಾಟ ಆಗೋದು ಒಂದೂವರೆ ಎರಡು ವರ್ಷ ಬಿಟ್ಟು, ಮಧ್ಯದಲ್ಲಿ ಡೈರಿ ನಡೆಯೋದು ಹೇಗೆ? ಚಕ್ರಗಳು ಬ್ಯಾಂಕಿನ ಗೋಡೌನಲ್ಲಿ ಮಾಗ್ತಾ ಕೂತಿರ್ತವೆ, ಬಡ್ಡಿ ಜೊತೆ ರುಚೀನೂ ಬೆಳೀತಾ. ಹೆಸರು ಕಾಪಾಡೋದಕ್ಕೆ ಇವರು ಕೋರ್ಟಿಗೆ ಓಡಾಡೋದು ಯಾಕೆ ಅಂತ ಇಲ್ಲಿ ಗೊತ್ತಾಗತ್ತೆ. 2008ರಲ್ಲಿ ಯುರೋಪಿಯನ್ ನ್ಯಾಯಾಲಯ 'ಪಾರ್ಮೆಸಾನ್' ಅಂದ್ರೂ ಜನಕ್ಕೆ ಪಾರ್ಮಿಜಾನೊ ರೆಜ್ಜಾನೊನೇ ನೆನಪಾಗತ್ತೆ, ಹಾಗಾಗಿ ಆ ಹೆಸರೂ ಬೇರೆಯವರು ಬಳಸಂಗಿಲ್ಲ ಅಂತು. ಅಟ್ಲಾಂಟಿಕ್ ದಾಟಿದ್ರೆ ಅದು ನಡೆಯಲ್ಲ, ಅಮೆರಿಕದಲ್ಲಿ ಪಾರ್ಮೆಸಾನ್ ಅಂದ್ರೆ ಒಂದು ಜಾತಿ ಚೀಸು, ಯಾರು ಬೇಕಾದ್ರೂ ಮಾಡಬಹುದು.

ಎರಡನೇ ಥರದ ರೂಲಿಗೆ ಟಸ್ಕನಿಯ ಕಿಯಾಂತಿ ವೈನ್ ನೋಡಿ. 1967ರಲ್ಲಿ ಡಿಓಸಿ (ಇಟಲಿ ವೈನಿಗೆ ಕೊಡೋ ಡಿಓಪಿ ಥರದ ಠಸ್ಸೆ) ಕೊಟ್ಟಾಗ ಕೆಂಪು ಕಿಯಾಂತೀಲಿ 10ರಿಂದ 30 ಪರ್ಸೆಂಟ್ ಬಿಳಿ ದ್ರಾಕ್ಷಿ ಇರ್ಲೇಬೇಕು ಅಂತ ಬರೆದ್ರು. 19ನೇ ಶತಮಾನದಲ್ಲಿ ಬೇಗ ಕುಡಿಯೋ ವೈನಿಗೆ ಅಂತ ಅಲ್ಲಿನ ವೈನ್ ತಯಾರಕ ರಿಕಾಸೊಲಿ ಹೇಳಿದ್ದ ಫಾರ್ಮುಲಾದ ನೆಪ, ತೋಟದಲ್ಲಿ ಹೇಗೂ ತ್ರೆಬ್ಬಿಯಾನೊ ಬಿಳಿ ದ್ರಾಕ್ಷಿ ರಾಶಿ ಬೆಳೀತಿತ್ತು, ಖರ್ಚಾಗ್ಬೇಕಲ್ಲ. ವೈನ್ ತೆಳ್ಳಗಾಯ್ತು, ಹೆಸರು ಕೆಡ್ತು. ಅಂತಿನೊರಿ ಮನೆತನದವರು ತಮ್ಮ ತಿನ್ಯಾನೆಲ್ಲೊ ವೈನಲ್ಲಿ ಬಿಳಿ ದ್ರಾಕ್ಷೀನೇ ಕೈಬಿಟ್ರು, ರೂಲ್ ಪ್ರಕಾರ ಅದು ಕಿಯಾಂತಿ ಅಲ್ಲ, ಲೇಬಲ್ ಮೇಲೆ ತೀರಾ ಕೆಳಗಿನ ದರ್ಜೆ 'ಟೇಬಲ್ ವೈನ್' ಅಂತ ಹಾಕ್ಬೇಕಾಯ್ತು. ಮಾರಿದ್ದು ಮಾತ್ರ ಕಿಯಾಂತಿಗಿಂತ ಎಷ್ಟೋ ಪಟ್ಟು ರೇಟಿಗೆ! ದೇಶದ ದುಬಾರಿ ವೈನು ಕಾನೂನಿನ ಲೆಕ್ಕದಲ್ಲಿ ಸಾದಾ ವೈನು. ಕೊನೆಗೆ 2006ರಿಂದ ಕಿಯಾಂತಿಯ ಮೂಲ ಸೀಮೆಯಾದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ಹಾಕ್ಲೇಬಾರ್ದು ಅಂತ ಉಲ್ಟಾ ರೂಲು ಮಾಡಿದ್ರು. ಕಡ್ಡಾಯ ಆಗಿದ್ದು ನಲವತ್ತೇ ವರ್ಷದಲ್ಲಿ ನಿಷೇಧ.

ರೂಲೇ ಬೇಡ ಅನ್ನೋರು 1986 ನೆನಪಿಸ್ಕೊಬೇಕು. ಅಗ್ಗದ ವೈನಿಗೆ ಕಿಕ್ಕು ಬರ್ಲಿ ಅಂತ ಮೆಥನಾಲ್ ಬೆರೆಸಿ 20ಕ್ಕೂ ಜಾಸ್ತಿ ಜನ ಸತ್ರು, ಎಷ್ಟೋ ಜನಕ್ಕೆ ಕಣ್ಣು ಹೋಯ್ತು. ನಮ್ಮ ಕಳ್ಳಭಟ್ಟಿ ಸುದ್ದಿ ಥರಾನೇ.

ಇನ್ನು ಪ್ರೊಸೆಕ್ಕೊ, ಇದನ್ನ ಮಾತ್ರ ನಾನು ಮೆಚ್ಚಿ ನಗ್ತೀನಿ. ಪ್ರೊಸೆಕ್ಕೊ ಅನ್ನೋದು ಮೊದಲು ದ್ರಾಕ್ಷಿ ತಳಿಯ ಹೆಸರು. ತಳಿ ಅಂದ್ಮೇಲೆ ಬ್ರೆಜಿಲ್‌ನವರೂ ನೆಡಬಹುದು, ಆಸ್ಟ್ರೇಲಿಯಾದವರೂ ನೆಡಬಹುದು, ಬಾಟಲಿ ಮೇಲೆ ಬರ್ಕೋಬಹುದು. 2006ರಲ್ಲಿ ಒಂದು ಆಸ್ಟ್ರಿಯಾ ಕಂಪನಿ ಅದನ್ನ ಕ್ಯಾನ್‌ಗೆ ತುಂಬಿ ಪ್ಯಾರಿಸ್ ಹಿಲ್ಟನ್ ಕೈಲಿ ಜಾಹೀರಾತು ಮಾಡಿಸ್ತು, ಪ್ರೊಸೆಕ್ಕೊ ಬೆಳೆಯೋ ವೆನೆಟೊದವರಿಗೆ ಹೊಟ್ಟೆ ಉರೀತು. 2009ರಲ್ಲಿ ಏನ್ ಮಾಡಿದ್ರು ಅಂದ್ರೆ ದ್ರಾಕ್ಷಿ ಹೆಸರನ್ನೇ ಬದಲಾಯಿಸಿ ಗ್ಲೆರಾ ಅಂತ ಇಟ್ಬಿಟ್ರು, ಪ್ರೊಸೆಕ್ಕೊ ಅನ್ನೋದು ಇನ್ಮೇಲೆ ಊರ ಹೆಸರು ಅಂದ್ರು. ಊರು ಎಲ್ಲಿದೆ? ತ್ರಿಯೆಸ್ತೆ ಹತ್ರ ಆ ಹೆಸರಿನ ಒಂದು ಹಳ್ಳಿ ಇದೆ, ಆದ್ರೆ ಈ ವೈನಿನ ತವರಾದ ಕೊನೆಲ್ಯಾನೊ, ವಾಲ್ದೊಬ್ಯಾದೆನೆ ಗುಡ್ಡಗಳಿಂದ 100 ಕಿಲೋಮೀಟರ್‌ಗೂ ಆಚೆ. ಹಾಗಾಗಿ ಆ ಹಳ್ಳೀನೂ ಒಳಗೆ ಬರೋ ಹಾಗೆ ಎರಡು ರಾಜ್ಯದ ಒಂಬತ್ತು ಜಿಲ್ಲೆಗೆ ಗೆರೆ ಎಳೆದ್ರು. ಆಗ ಕೃಷಿ ಮಂತ್ರಿ ಲೂಕಾ ಝಾಯಾ, ಸ್ವಂತ ಊರು ಕೊನೆಲ್ಯಾನೊ. ಈಗ ವರ್ಷಕ್ಕೆ 60 ಕೋಟಿ ಬಾಟಲಿಗಿಂತ ಜಾಸ್ತಿ ಹೋಗತ್ತೆ. ಗುಡ್ಡದ ಕಡಿದಾದ ಇಳಿಜಾರಲ್ಲಿ, ಮೆಷಿನ್ ಹತ್ತದ ಜಾಗದಲ್ಲಿ ಕೈಯಲ್ಲೇ ಕೊಯ್ಯೋರು ಈ ಬಯಲು ಸೀಮೆ ಪ್ರೊಸೆಕ್ಕೊ ಜೊತೆ ನಮ್ಮನ್ನ ಸೇರಿಸ್ಬೇಡಿ ಅಂತ ಗೊಣಗ್ತಾರೆ, ಆ ಗುಡ್ಡಗಳಿಗೆ 2019ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ತು, ಇತ್ತ ಊರಿನ ಜನ ಮನೆ ಬಾಗಿಲವರೆಗೂ ದ್ರಾಕ್ಷಿ, ಮಕ್ಕಳು ಸ್ಕೂಲಿಗೆ ಹೋಗೋ ದಾರೀಲಿ ಔಷಧಿ ಸಿಂಪಡಣೆ ಅಂತ ಪ್ರತಿಭಟನೆ ಮಾಡ್ತಾರೆ. ಈ ರೂಲು ಮುರಿದ್ರೆ ರುಚಿ ಏನೂ ಕೆಡಲ್ಲ. ಹೆಸರಿನ ಸುತ್ತ ಹಾಕಿದ ಬೇಲಿ ಮುರಿಯತ್ತೆ, ಅಷ್ಟೇ.

ಹವಾಮಾನ ಅಂತೂ ಒಳ್ಳೇ ರೂಲನ್ನೂ ಕೆಡಿಸ್ತಿದೆ. ಬರೋಲೊ ವೈನಿನ ಪುಸ್ತಕದಲ್ಲಿ ಉತ್ತರಕ್ಕೆ ಮುಖ ಮಾಡಿರೋ ಇಳಿಜಾರಲ್ಲಿ ಬೆಳೀಬಾರ್ದು ಅಂತಿದೆ, ಬಿಸಿಲು ಸಾಲದೆ ನೆಬ್ಬಿಯೋಲೊ ದ್ರಾಕ್ಷಿ ಹಣ್ಣಾಗ್ತಿರ್ಲಿಲ್ಲ ಆಗ, ಸರಿಯಾದ ರೂಲೇ. ಈಗ ಬಿಸಿಲು ಜಾಸ್ತಿ ಆಗಿ ದಕ್ಷಿಣದ ಇಳಿಜಾರೇ ಸುಡ್ತಿದೆ. 2024ರಲ್ಲಿ ಉತ್ತರದ ಕಡೆಗೂ ಬಿಡೋಣ್ವಾ ಅಂತ ಒಕ್ಕೂಟದಲ್ಲಿ ಮಾತೆದ್ದಾಗ ದೊಡ್ಡ ಗಲಾಟೆ ಆಯ್ತು, ದುಡ್ಡಿಗೋಸ್ಕರ ತೋಟ ಹೆಚ್ಚಿಸೋ ಪ್ಲಾನ್ ಇದು ಅಂತ. ಇಬ್ರು ಹೇಳೋದ್ರಲ್ಲೂ ಸತ್ಯ ಇದೆ ಅನ್ಸತ್ತೆ. 2022ರಲ್ಲಿ ಪೊ ನದಿ ಬತ್ತಿ ಐದು ರಾಜ್ಯದಲ್ಲಿ ತುರ್ತುಸ್ಥಿತಿ ಘೋಷಣೆ ಆಗಿತ್ತು, ಹಸುವಿನ ಒಣಹುಲ್ಲಿನ ದೊಡ್ಡ ಪಾಲು ಅಲ್ಲೇ ಬೆಳೀಬೇಕು ಅನ್ನೋ ಪಾರ್ಮಿಜಾನೊದವರ ರೂಲಿಗೆ ಅದು ಎಷ್ಟು ಬಿಸಿ ಮುಟ್ಟಿಸಿರಬಹುದು ಯೋಚನೆ ಮಾಡಿ.

ಈ ರೂಲ್ ಬುಕ್ಕುಗಳಲ್ಲಿ ಹಸು ಏನ್ ತಿನ್ಬೇಕು ಅಂತ ಪುಟಗಟ್ಲೆ ಇದೆ, ಹಾಲು ಕರೆಯೋನಿಗೆ ಎಷ್ಟು ಸಂಬಳ ಅನ್ನೋ ಸಾಲು ಹುಡುಕ್ಬೇಡಿ. ಹಸುಗೆ ಭಾನುವಾರ ಇಲ್ಲ, ಕ್ರಿಸ್‌ಮಸ್ ಇಲ್ಲ, ದಿನಕ್ಕೆ ಎರಡು ಸಲ ಕರೀಬೇಕು, ಸ್ಥಳೀಯ ಹುಡುಗರು ಈ ಕೆಲಸ ಬಿಡ್ತಾ ಬಂದ ಕಾಲಕ್ಕೆ ಪೊ ಬಯಲಿಗೆ ಬಂದೋರು ಪಂಜಾಬಿಗಳು. ರೆಜ್ಜೊ ಎಮಿಲಿಯಾದ ನೊವೆಲ್ಲಾರಾದಲ್ಲಿ ದೊಡ್ಡ ಗುರುದ್ವಾರ ಇದೆ, 2000ನೇ ಇಸವೀಲಿ ಉದ್ಘಾಟನೆಗೆ ಆಗಿನ ಯುರೋಪಿಯನ್ ಕಮಿಷನ್ ಅಧ್ಯಕ್ಷ ರೊಮಾನೊ ಪ್ರೋದಿ ಬಂದಿದ್ರು. ಇಲ್ಲಿ ಕೊಟ್ಟಿಗೆ ಕೆಲಸದವರ ಪರಿಸ್ಥಿತಿ ಎಷ್ಟೋ ವಾಸಿ, ಖಾಯಂ ಕೆಲಸ, ಮನೆ ಸಿಗತ್ತೆ. ರೋಮ್ ಕೆಳಗಿನ ಲಾತಿನಾದ ಹೊಲಗಳಲ್ಲಿ ಹಾಗಿಲ್ಲ. 2024ರ ಜೂನಲ್ಲಿ ಅಲ್ಲಿ ಪಂಜಾಬಿನ 31 ವರ್ಷದ ಕೂಲಿಯವನ ತೋಳು ಮೆಷಿನಿಗೆ ಸಿಕ್ಕಿ ತುಂಡಾಗಿ, ಆಸ್ಪತ್ರೆಗೆ ಸೇರಿಸೋ ಬದಲು ಕೆಲಸ ಕೊಟ್ಟೋರೇ ಮನೆ ಹತ್ರ ಬಿಟ್ಟುಹೋದ್ರು, ಎರಡು ದಿನದಲ್ಲಿ ಅವನು ತೀರ್ಕೊಂಡ. ದಲ್ಲಾಳಿ ಮೂಲಕ ಕೂಲಿ ತರಿಸಿ ಹಿಂಡೋದರ ವಿರುದ್ಧ 2016ರಲ್ಲೇ ಕಾನೂನು ಆಗಿದೆ, ಇಷ್ಟಾದ್ರೂ. 'ಸಂಪ್ರದಾಯದ ಊಟ' ಅಂತ ಕೆಂಪುಕೋಟೇಲಿ ಚಪ್ಪಾಳೆ ಬಿದ್ದ ತಟ್ಟೇಲಿ ಇವರ ಕೈ ಎಲ್ಲಿದೆ ಅಂತ ಯಾರೂ ಕೇಳ್ಲಿಲ್ಲ.

ಕೊನೇದಾಗಿ ಸಸ್ಯಾಹಾರಿಗಳಿಗೆ ಒಂದು ಮಾತು, ಯಾಕಂದ್ರೆ ನಮ್ಮ ಮನೇಲೇ ಆಗಿದ್ದು. ಮೇಲೆ ರೆನ್ನೆಟ್ಟು ಅಂದ್ನಲ್ಲ, ಅದು ಹಾಲು ಕುಡಿಯೋ ಎಳಗರುವಿನ ಹೊಟ್ಟೆಯಿಂದ ತೆಗೆಯೋದು, ಪಾರ್ಮಿಜಾನೊ ರೂಲಲ್ಲಿ ಅದೊಂದಕ್ಕೇ ಅವಕಾಶ, ಬೇರೆ ಥರದ್ದು ಹಾಕಂಗಿಲ್ಲ. ಅಂದ್ರೆ ಅಸಲಿ ಪಾರ್ಮಿಜಾನೊ ರೆಜ್ಜಾನೊ ಸಸ್ಯಾಹಾರಿ ಆಗೋಕೆ ಸಾಧ್ಯಾನೇ ಇಲ್ಲ. ಹೋದ ತಿಂಗಳು ಸೂಪರ್‌ಮಾರ್ಕೆಟ್ಟಲ್ಲಿ ನಾನು ಇದನ್ನೆಲ್ಲಾ ಬಾಯಿ ಬಿಟ್ಟೆ, ಪಕ್ಕದಲ್ಲಿ ನಮ್ಮ ಸೋದರತ್ತೆ, ಈರುಳ್ಳಿ ಬೆಳ್ಳುಳ್ಳೀನೂ ಲೆಕ್ಕ ಹಾಕಿ ತಿನ್ನೋರು, ಮೊಮ್ಮಗನ ಪಾಸ್ತಾಗೆ ಅಂತ ತಗೊಂಡಿದ್ದ ಪಾರ್ಮೆಸಾನ್ ಡಬ್ಬೀನ ಕನ್ನಡಕ ಹಣೆಗೇರಿಸಿ ತಿರುಗಿಸಿ ತಿರುಗಿಸಿ ನೋಡಿದ್ರು. ಹಸಿರು ಚುಕ್ಕಿ ಇತ್ತು.

"ಇದ್ರಲ್ಲಿ ಕರುವಿಂದು ಏನಾದ್ರೂ ಇದ್ಯೇನೋ?"

"ಇಲ್ಲ ಅತ್ತೆ, ಇದು ಇಲ್ಲೇ ಮಾಡಿದ್ದು. ಅಸಲಿ ಅಲ್ಲ."

"ಸದ್ಯ," ಅಂದು ಇನ್ನೊಂದು ಡಬ್ಬಿ ತೆಗೆದು ಟ್ರಾಲಿಗೆ ಹಾಕಿದ್ರು.